ಗೆಳೆಯರೊಂದಿಗೆ ಜಪಾನ್ ಪ್ರವಾಸ, ನಡುವೆ ಒಂದು ಸಂಜೆ ಬೇಸ್‌ಬಾಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿಗೆ ಹೊರಟವರು ನನ್ನ ಹತ್ತಿರ ಕೇಳುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ವೀಸಾ, ದುಡ್ಡು, ರೈಲಿನ ವಿಷಯಕ್ಕೆ ಉತ್ತರ ಚಿಕ್ಕದು, ಬೇಸ್‌ಬಾಲ್ ವಿಷಯಕ್ಕೆ ಉದ್ದ. ಗೆಳೆಯರ ಗುಂಪು ಜಪಾನಿನಲ್ಲಿ ಕಳೆಯಬಹುದಾದ ಅತ್ಯುತ್ತಮ ಸಂಜೆ ಬೇಸ್‌ಬಾಲ್ ಮೈದಾನದಲ್ಲಿದೆ ಎಂದು ನಾನು ನಂಬಿರುವುದೇ ಅದಕ್ಕೆ ಕಾರಣ.

ನಮ್ಮ ಗುಂಪಿನಲ್ಲಿ ಯಾರಿಗೂ ಬೇಸ್‌ಬಾಲ್ ಗೊತ್ತಿಲ್ಲ. ಆದರೂ ಪಂದ್ಯಕ್ಕೆ ಹೋಗಬೇಕಾ?

ಖಂಡಿತ ಹೋಗಿ. ಜಪಾನಿನ ರೈಲಿನಲ್ಲಿ ಯಾರೂ ದನಿ ಎತ್ತುವುದಿಲ್ಲ, ಫೋನಿನಲ್ಲಿ ಮಾತಾಡುವುದಿಲ್ಲ. ಹೆಸರಾಂತ ದೇವಸ್ಥಾನಗಳಲ್ಲಿ ನಿಮ್ಮ ಪಕ್ಕ ನಿಂತವರೂ ನಿಮ್ಮ ಹಾಗೆ ಪ್ರವಾಸಿಗರೇ. ಹತ್ತು ದಿನ ತಿರುಗಿದರೂ ಆ ಊರಿನ ಜನರ ಜೊತೆ ಭುಜಕ್ಕೆ ಭುಜ ತಾಗಿಸಿ ಕೂರುವ ಅವಕಾಶ ಸಿಗುವುದು ಅಪರೂಪ. ಮೈದಾನದಲ್ಲಿ ಅದು ಮೂರು ಗಂಟೆ ಕಾಲ ಸಿಗುತ್ತದೆ. ಆಫೀಸಿನಿಂದ ನೇರವಾಗಿ ಬಂದವರು ಕೋಟು ಕಳಚಿ, ಮೇಲೆ ತಂಡದ ಜೆರ್ಸಿ ಏರಿಸಿ, ಬೆಂಟೊ ಎಂಬ ಊಟದ ಡಬ್ಬಿ ತೆರೆದು ಕೂರುತ್ತಾರೆ. ಅಜ್ಜ, ಮಗಳು, ಮೊಮ್ಮಗ ಒಂದೇ ಬಣ್ಣದ ಟವೆಲ್ ಹೊದ್ದು ಬಂದಿರುತ್ತಾರೆ. ತಮ್ಮ ತಂಡ ಬ್ಯಾಟಿಂಗ್‌ಗೆ ಇಳಿದ ಕೂಡಲೇ ತುತ್ತೂರಿ, ಡೋಲು ಶುರು. ಇಡೀ ಗ್ಯಾಲರಿ ಎದ್ದು ನಿಂತು ಹಾಡುತ್ತದೆ. ಭಾಷೆ ಬಾರದಿದ್ದರೂ ಎರಡನೇ ಸಲಕ್ಕೆ ನೀವೂ ತಾಳ ಹಾಕುತ್ತಿರುತ್ತೀರಿ.

ಅಲ್ಲಿಗೆ ಈ ಆಟ ಬಂದು ನೂರೈವತ್ತು ವರ್ಷ ದಾಟಿದೆ. 1872ರಲ್ಲಿ ಟೋಕಿಯೋದಲ್ಲಿ ಪಾಠ ಹೇಳುತ್ತಿದ್ದ ಹೊರೇಸ್ ವಿಲ್ಸನ್ ಎಂಬ ಅಮೆರಿಕದ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳಿಗೆ ಇದನ್ನು ಕಲಿಸಿದರು. ಹೈಕು ಕಾವ್ಯಕ್ಕೆ ಹೊಸ ಜೀವ ಕೊಟ್ಟ ಕವಿ ಮಸಾಓಕ ಶಿಕಿ ವಿದ್ಯಾರ್ಥಿಯಾಗಿದ್ದಾಗ ಈ ಆಟಕ್ಕೆ ಮನಸೋತು ಅದರ ಮೇಲೆ ಪದ್ಯಗಳನ್ನೂ ಬರೆದರು. ಕ್ಷಯದಿಂದ ನರಳಿ 1902ರಲ್ಲಿ ಅವರು ತೀರಿಕೊಂಡರು. ಸರಿಯಾಗಿ ನೂರು ವರ್ಷದ ನಂತರ, 2002ರಲ್ಲಿ, ಜಪಾನಿನ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು. ಟೋಕಿಯೋದ ಉಯೆನೊ ಪಾರ್ಕಿನೊಳಗೆ ಅವರ ಹೆಸರಿನ ಬೇಸ್‌ಬಾಲ್ ಅಂಗಳವಿದೆ. ಮ್ಯೂಸಿಯಂ ನೋಡಲು ಹೇಗೂ ಉಯೆನೊಗೆ ಹೋಗುತ್ತೀರಿ, ಬೇಲಿಯಾಚೆ ನಿಂತು ಐದು ನಿಮಿಷ ನೋಡಿ ಬನ್ನಿ.

ಯಾವ ತಿಂಗಳು ಹೋದರೆ ಪಂದ್ಯ ಸಿಗುತ್ತದೆ?

ಮಾರ್ಚ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಲೀಗ್ ಪಂದ್ಯಗಳು. ಸೆಂಟ್ರಲ್, ಪೆಸಿಫಿಕ್ ಎಂದು ಎರಡು ಲೀಗ್, ಒಂದೊಂದರಲ್ಲಿ 6 ತಂಡ, ಪ್ರತಿ ತಂಡಕ್ಕೂ 143 ಪಂದ್ಯ. ಐಪಿಎಲ್ ಲೆಕ್ಕದಲ್ಲಿ ಯೋಚಿಸುವ ನಮಗೆ ಇದು ಆಶ್ಚರ್ಯ ಎನಿಸುತ್ತದೆ. ಸೋಮವಾರ ಬಿಟ್ಟರೆ ಹೆಚ್ಚುಕಡಿಮೆ ದಿನಾ ಎಲ್ಲೋ ಒಂದು ಕಡೆ ಆಟ ಇದ್ದೇ ಇರುತ್ತದೆ.

ನನ್ನ ಆಯ್ಕೆ ಏಪ್ರಿಲ್ ಮೊದಲ ಎರಡು ವಾರ, ಇಲ್ಲವೇ ಮೇ ಮಧ್ಯಭಾಗ. ಏಪ್ರಿಲ್ ಆರಂಭದಲ್ಲಿ ಟೋಕಿಯೋ, ಕ್ಯೋಟೋಗಳಲ್ಲಿ ಚೆರ್ರಿ ಹೂವು ಇನ್ನೂ ಸಿಗಬಹುದು. ಸಂಜೆ ಮಾತ್ರ ಚಳಿ, ಸ್ವೆಟರ್ ಬೇಕೇ ಬೇಕು. ಏಪ್ರಿಲ್ 29ರಿಂದ ಮೇ 5ರವರೆಗಿನ ಸಾಲು ರಜೆಯಲ್ಲಿ ಜಪಾನಿಗರೆಲ್ಲ ಊರು ಬಿಟ್ಟು ಹೊರಡುತ್ತಾರೆ, ರೈಲು ಹೋಟೆಲು ಎಲ್ಲ ತುಂಬಿ ತುಳುಕುತ್ತವೆ, ಆ ವಾರ ತಪ್ಪಿಸಿ. ಜೂನ್‌ನಿಂದ ಜುಲೈ ನಡುವಿನ ತನಕ ಮಳೆಗಾಲ. ಆಗಸ್ಟ್ ಬಿಸಿಲು ಬೆಂಗಳೂರು, ಮೈಸೂರಿನವರಿಗೆ ತಡೆಯುವುದು ಕಷ್ಟ. ಮಂಗಳೂರಿನ ಏಪ್ರಿಲ್ ಸೆಕೆ ಕಂಡವರಿಗೆ ಅಷ್ಟೇನೂ ಹೊಸದಲ್ಲ.

ಪ್ರವಾಸದ ಯಾವ ದಿನಕ್ಕೆ ಪಂದ್ಯ ಇಟ್ಟುಕೊಳ್ಳಬೇಕು?

ಮೊದಲು ಪಂದ್ಯದ ದಿನ ಗೊತ್ತುಮಾಡಿ, ಹೋಟೆಲ್ ಆಮೇಲೆ ಹಿಡಿಯಿರಿ. ಎಲ್ಲರೂ ಇದನ್ನು ತಿರುಗುಮುರುಗು ಮಾಡುತ್ತಾರೆ. ಟೋಕಿಯೋದಲ್ಲಿ ಇರುವ ದಿನಗಳಲ್ಲಿ ತಂಡ ಬೇರೆ ಊರಲ್ಲಿ ಆಡುತ್ತಿರುತ್ತದೆ. ವೇಳಾಪಟ್ಟಿ ಸೀಸನ್‌ಗೆ ಬಹಳ ಮೊದಲೇ ಲೀಗ್‌ನ ಜಾಲತಾಣದಲ್ಲಿ ಬರುತ್ತದೆ, ಇಂಗ್ಲಿಷಿನಲ್ಲೂ ಇರುತ್ತದೆ. ಸಾಮಾನ್ಯವಾಗಿ ಮಂಗಳವಾರದಿಂದ ಗುರುವಾರ ಒಂದು ಎದುರಾಳಿ, ಶುಕ್ರವಾರದಿಂದ ಭಾನುವಾರ ಇನ್ನೊಂದು ಎದುರಾಳಿ. ಕೆಲಸದ ದಿನಗಳಲ್ಲಿ ಆಟ ಸಂಜೆ ಆರರ ಸುಮಾರಿಗೆ ಶುರು, ಶನಿವಾರ ಭಾನುವಾರ ಹೆಚ್ಚಾಗಿ ಮಧ್ಯಾಹ್ನ.

ನಮಗೂ ಜಪಾನಿಗೂ ಮೂರೂವರೆ ಗಂಟೆ ವ್ಯತ್ಯಾಸ. ಅಲ್ಲಿನ ಸಂಜೆ ಆರು ನಮ್ಮ ಮಧ್ಯಾಹ್ನ ಎರಡೂವರೆ. ಹಾಗಾಗಿ ಬಂದಿಳಿದ ಮರುದಿನವೇ ಪಂದ್ಯ ಇಟ್ಟುಕೊಂಡರೂ ಯಾರಿಗೂ ನಿದ್ದೆ ಎಳೆಯುವುದಿಲ್ಲ. ಗುಂಪಿನಲ್ಲಿ ಪರಸ್ಪರ ಅಷ್ಟಾಗಿ ಪರಿಚಯವಿಲ್ಲದವರು ಇದ್ದರೆ ಎರಡನೇ ದಿನವೇ ಒಳ್ಳೆಯದು. ಒಟ್ಟಿಗೆ ಕೂಗಿದವರ ನಡುವೆ ಆಮೇಲೆ ಸಂಕೋಚ ಉಳಿಯುವುದಿಲ್ಲ.

ಯಾವ ಮೈದಾನಕ್ಕೆ ಹೋಗಬೇಕು?

ಒಂದೇ ಪಂದ್ಯ ಎಂದಾದರೆ ಟೋಕಿಯೋದ ಮೇಜಿ ಜಿಂಗೂ ಮೈದಾನ, ಇಲ್ಲವೇ ಒಸಾಕಾ ಪಕ್ಕದ ಕೋಶಿಯೆನ್. ಎರಡಕ್ಕೂ ಛಾವಣಿ ಮುಚ್ಚಿಲ್ಲ, ಎರಡೂ ಹಳೆಯವು, ಎರಡಕ್ಕೂ ತಮ್ಮದೇ ಆದ ಮರ್ಯಾದೆ ಇದೆ.

ಜಿಂಗೂ 1926ರಲ್ಲಿ ಕಟ್ಟಿದ್ದು. 1934ರಲ್ಲಿ ಅಮೆರಿಕದ ಬೇಬ್ ರೂತ್ ಆಡಿ ಹೋದ ನೆಲ. ಯಾಕುಲ್ಟ್ ಸ್ವಾಲೋಸ್ ತಂಡದ ಮನೆ. ಸ್ವಾಲೋಸ್ ರನ್ ಗಳಿಸಿದಾಗಲೆಲ್ಲ ಮತ್ತು ಏಳನೇ ಇನಿಂಗ್ಸ್‌ನಲ್ಲಿ ಅಭಿಮಾನಿಗಳು ಪುಟ್ಟ ಬಣ್ಣದ ಕೊಡೆಗಳನ್ನು ಬಿಚ್ಚಿ, ಹಾಡುತ್ತಾ ಮೇಲೆ ಕೆಳಗೆ ಕುಣಿಸುತ್ತಾರೆ. ಇಡೀ ಗ್ಯಾಲರಿಯೇ ಕೊಡೆಯಾಗುವ ಆ ನೋಟವನ್ನು ಫೋಟೋದಲ್ಲಿ ನೋಡಿದರೆ ಸಾಲದು. ಕೊಡೆಗಳು ಮೈದಾನದ ಅಂಗಡಿಯಲ್ಲೇ ಸಿಗುತ್ತವೆ, ತಲೆಗೊಂದು ಕೊಳ್ಳಿ. ಗಿಂಜಾ ಲೈನ್ ಮೆಟ್ರೋದಲ್ಲಿ ಗೈಯೆನ್‌ಮಾಎ ನಿಲ್ದಾಣದಲ್ಲಿ ಇಳಿದರೆ ಐದಾರು ನಿಮಿಷದ ನಡಿಗೆ. ಆ ಪ್ರದೇಶವನ್ನೆಲ್ಲ ಹೊಸದಾಗಿ ಕಟ್ಟುವ ಯೋಜನೆಯಲ್ಲಿ ಈ ಹಳೆಯ ಮೈದಾನವನ್ನು ಕೆಡವುವುದೂ ಸೇರಿದೆ. ಇರುವಾಗಲೇ ನೋಡಿ ಬನ್ನಿ ಎಂದು ನಾನು ಒತ್ತಿ ಹೇಳುವುದು ಅದಕ್ಕೇ.

ಕೋಶಿಯೆನ್ 1924ರ ಆಗಸ್ಟ್ 1ರಂದು ಬಾಗಿಲು ತೆರೆಯಿತು. ನಲವತ್ತು ಸಾವಿರಕ್ಕೂ ಹೆಚ್ಚು ಜನ ಹಿಡಿಯುತ್ತದೆ, ಹೊರಗೋಡೆಗೆ ಬಳ್ಳಿ ಹಬ್ಬಿದೆ, ಒಳಗೆ ಇನ್‌ಫೀಲ್ಡ್ (ಬ್ಯಾಟರ್ ಹತ್ತಿರದ ಒಳ ಅಂಗಳ) ಪೂರ್ತಿ ಕಪ್ಪು ಮಣ್ಣು. ಹಾನ್‌ಶಿನ್ ಟೈಗರ್ಸ್ ತಂಡದ ಮನೆ ಇದು, ಮತ್ತು ಆ ತಂಡದ ಅಭಿಮಾನಿಗಳ ಹುಚ್ಚು ಜಪಾನಿನಲ್ಲೇ ಪ್ರಸಿದ್ಧ. 1985ರಲ್ಲಿ ಟೈಗರ್ಸ್ ಗೆದ್ದಾಗ ಒಸಾಕಾದ ದೋತೊನ್‌ಬೋರಿ ಕಾಲುವೆಗೆ ಜನ ಧುಮುಕಿದರು. ಆಟಗಾರರನ್ನು ಹೋಲುವ ಒಬ್ಬೊಬ್ಬರು ಧುಮುಕುತ್ತಾ ಬಂದು, ಅಮೆರಿಕದ ಗಡ್ಡದ ಆಟಗಾರ ರ್‍ಯಾಂಡಿ ಬಾಸ್‌ನ ಸರದಿ ಬಂದಾಗ ಹೋಲುವವರು ಯಾರೂ ಸಿಗದೆ, ಕೆಎಫ್‌ಸಿ ಅಂಗಡಿಯ ಮುಂದಿದ್ದ ಗಡ್ಡದ ಕರ್ನಲ್ ಬೊಂಬೆಯನ್ನೇ ಎತ್ತಿ ನೀರಿಗೆ ಹಾಕಿದರು. ತಂಡ ಆಮೇಲೆ ಸೋಲುತ್ತಲೇ ಹೋದಾಗ ಅದು ಕರ್ನಲ್ ಶಾಪ ಎಂಬ ಮಾತು ಹುಟ್ಟಿತು. 2009ರಲ್ಲಿ ಕಾಲುವೆಯಿಂದ ಬೊಂಬೆ ಸಿಕ್ಕಿತು. ಎರಡೂ ಲೀಗ್ ಗೆದ್ದು ಬಂದ ತಂಡಗಳ ಅಂತಿಮ ಹಣಾಹಣಿಯಾದ ಜಪಾನ್ ಸೀರೀಸ್ ಮತ್ತೆ ಗೆಲ್ಲಲು 2023ರವರೆಗೆ, ಅಂದರೆ 38 ವರ್ಷ, ಕಾಯಬೇಕಾಯಿತು. ಕಪ್‌ಗಾಗಿ ವರ್ಷಗಟ್ಟಲೆ ಕಾದ ಆರ್‌ಸಿಬಿ ಅಭಿಮಾನಿಗಳಿಗೆ ಈ ಜನರ ಪಕ್ಕ ಕೂತರೆ ಏನೂ ವಿವರಿಸಬೇಕಿಲ್ಲ. ಒಸಾಕಾದ ಉಮೆದಾದಿಂದ ಹಾನ್‌ಶಿನ್ ರೈಲಿನಲ್ಲಿ ಕಾಲು ಗಂಟೆಯೊಳಗೆ ಕೋಶಿಯೆನ್ ನಿಲ್ದಾಣ, ಇಳಿದರೆ ಎದುರಿಗೇ ಮೈದಾನ.

ಹಿರೋಶಿಮಾಕ್ಕೆ ಹೋಗುವವರಿಗೆ ಇನ್ನೊಂದು ಮಾತು. ಅಲ್ಲಿನ ಕಾರ್ಪ್ ತಂಡ ಹುಟ್ಟಿದ್ದು 1949ರ ಕೊನೆಯಲ್ಲಿ, ಬಾಂಬು ಬಿದ್ದು ನಾಲ್ಕೇ ವರ್ಷಕ್ಕೆ. ಹಿಂದೆ ದೊಡ್ಡ ಕಂಪನಿ ಇರಲಿಲ್ಲ, ಆಟಗಾರರಿಗೆ ಸಂಬಳ ಕೊಡಲು ಹಣವಿರಲಿಲ್ಲ. ಮೈದಾನದ ಬಾಗಿಲಲ್ಲಿ ಮದ್ಯದ ಮರದ ಪೀಪಾಯಿ ಇಟ್ಟರು; ಮನೆಮಠ ಕಳೆದುಕೊಂಡ ಜನ ಅದರೊಳಗೆ ಚಿಲ್ಲರೆ ಹಾಕಿ ತಂಡವನ್ನು ಉಳಿಸಿಕೊಂಡರು. 1957ರಲ್ಲಿ ಕಟ್ಟಿದ ಹಳೆಯ ಮೈದಾನ ಅಣುಬಾಂಬ್ ಗುಮ್ಮಟದ ಎದುರಿಗೇ ಇತ್ತು. ಈಗಿನ ಮೈದಾನ 2009ರದ್ದು, ಹಿರೋಶಿಮಾ ನಿಲ್ದಾಣದಿಂದ ನಡೆದೇ ಹೋಗಬಹುದು. ಬೆಳಗ್ಗೆ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯ ನೋಡಿದರೆ ಮಾತು ಹೊರಡುವುದಿಲ್ಲ. ಅದೇ ಸಂಜೆ ಕೆಂಪು ಬಟ್ಟೆ ತೊಟ್ಟ ಆ ಊರು ಒಟ್ಟಾಗಿ ಹಾಡುವುದನ್ನು ಕೇಳಿ. ಹಿರೋಶಿಮಾದ ಕಥೆ 1945ಕ್ಕೆ ನಿಂತಿಲ್ಲ ಎಂದು ತಿಳಿಯಲು ನನಗೆ ಗೊತ್ತಿರುವ ದಾರಿ ಇದೊಂದೇ. ಟಿಕೆಟ್ ಮಾತ್ರ ಬೇಗ ಖಾಲಿಯಾಗುತ್ತದೆ.

ಟೋಕಿಯೋ ಡೋಮ್? 1988ರ ಒಳಾಂಗಣ ಮೈದಾನ, ಯೊಮಿಯೂರಿ ಜೈಂಟ್ಸ್ ತಂಡದ್ದು. ಮಳೆಯ ಭಯವಿಲ್ಲ, ಅದೇ ಕಟ್ಟಡದಲ್ಲಿ ಬೇಸ್‌ಬಾಲ್ ಮ್ಯೂಸಿಯಂ ಇದೆ. ಮಳೆಗಾಲದಲ್ಲಿ ಹೋಗುವವರಿಗೆ ಸರಿ. ಬೇರೆ ತಿಂಗಳಲ್ಲಿ ಆಕಾಶ ಕಾಣುವ ಮೈದಾನವೇ ಇರಲಿ.

ಟಿಕೆಟ್ ಹೇಗೆ ತೆಗೆಯುವುದು? ಎಲ್ಲರಿಗೂ ಒಟ್ಟಿಗೆ ಸೀಟು ಸಿಗುತ್ತದಾ?

ಕೆಲವು ತಂಡಗಳು ಇಂಗ್ಲಿಷಿನಲ್ಲೇ ಟಿಕೆಟ್ ಮಾರುತ್ತವೆ. ಪಂದ್ಯಕ್ಕೆ ಒಂದೆರಡು ತಿಂಗಳ ಮೊದಲಿಂದ ತಂಡದ ಜಾಲತಾಣದ ಮೇಲೆ ಕಣ್ಣಿಡಿ. ಅಲ್ಲಿಗೆ ಹೋದ ಮೇಲೆ ಲಾಸನ್, ಸೆವೆನ್ ಇಲೆವೆನ್, ಫ್ಯಾಮಿಲಿಮಾರ್ಟ್ ಅಂಗಡಿಗಳ ಯಂತ್ರಗಳಲ್ಲೂ ಕೊಳ್ಳಬಹುದು, ಆದರೆ ಪರದೆ ಹೆಚ್ಚಾಗಿ ಜಪಾನಿ ಭಾಷೆಯಲ್ಲಿರುತ್ತದೆ. ನಾಲ್ಕು ಜನಕ್ಕಿಂತ ಹೆಚ್ಚಿದ್ದರೆ ಒಬ್ಬರೇ ಕೂತು ಎಲ್ಲರದ್ದೂ ಒಂದೇ ಸಲ ತೆಗೆಯಿರಿ. ಅವರವರು ತೆಗೆದರೆ ಚದುರಿ ಹೋಗುತ್ತೀರಿ.

ಸೀಟಿನ ಆಯ್ಕೆಯೇ ಮುಖ್ಯ. ಔಟ್‌ಫೀಲ್ಡ್ ಎಂದರೆ ದೂರದ ಸೀಟು, ಅಗ್ಗ. ಹಾಡು, ಡೋಲು, ತುತ್ತೂರಿ ಎಲ್ಲ ಅಲ್ಲೇ. ಸಾಮಾನ್ಯವಾಗಿ ಬಲಗಡೆ ಔಟ್‌ಫೀಲ್ಡ್ ಮನೆ ತಂಡದ ಅಭಿಮಾನಿಗಳದ್ದು, ಎಡಗಡೆ ಹೊರಗಿನ ತಂಡದವರದ್ದು. ಅಲ್ಲಿ ಕೂತರೆ ನಿಮ್ಮ ಕಡೆಯವರು ಬ್ಯಾಟ್ ಮಾಡುವಷ್ಟು ಹೊತ್ತೂ ನಿಂತೇ ಇರಬೇಕು. ಮಂಡಿ ನೋವಿನವರು ಇದ್ದರೆ ಇನ್‌ಫೀಲ್ಡ್ ಸೀಟು ತೆಗೆಯಿರಿ. ಬೆಲೆ ಹೆಚ್ಚು, ಆಟ ಹತ್ತಿರದಿಂದ ಕಾಣುತ್ತದೆ. ಔಟ್‌ಫೀಲ್ಡ್ ಎರಡು ಮೂರು ಸಾವಿರ ಯೆನ್ ಎಂದಿಟ್ಟುಕೊಳ್ಳಿ, ಇನ್‌ಫೀಲ್ಡ್ ಅದರ ಎರಡು ಪಟ್ಟಿಗೂ ಮೇಲೆ ಹೋಗಬಹುದು. ವಾರಾಂತ್ಯ ಮತ್ತು ಎದುರಾಳಿ ನೋಡಿ ಬೆಲೆ ಏರಿಳಿಯುತ್ತದೆ.

ಕ್ರಿಕೆಟ್ ಮಾತ್ರ ಗೊತ್ತಿರುವವರಿಗೆ ಆಟವನ್ನು ಸ್ವಲ್ಪದರಲ್ಲಿ ಹೇಳಿ.

ಬೌಲರ್ ಜಾಗದಲ್ಲಿ ಪಿಚರ್. ಓಡಿ ಮುಟ್ಟಬೇಕಾದ ಗುರುತುಗಳೇ ಬೇಸ್, ಒಟ್ಟು ನಾಲ್ಕು; ಕೊನೆಯದು ಬ್ಯಾಟರ್ ನಿಲ್ಲುವ ಜಾಗ, ಅದೇ ‘ಮನೆ’. ಚೆಂಡು ನೆಲಕ್ಕೆ ಪುಟಿಯುವುದಿಲ್ಲ, 18.44 ಮೀಟರ್ ದೂರದಿಂದ ನೇರವಾಗಿ ಬರುತ್ತದೆ. ಬ್ಯಾಟರ್‌ನ ಮಂಡಿಯಿಂದ ಎದೆಯವರೆಗಿನ ಎತ್ತರದಲ್ಲಿ, ಮುಂದಿರುವ ತಟ್ಟೆಯ ಅಗಲದೊಳಗೆ ಬಂದದ್ದನ್ನು ಬಿಟ್ಟರೂ ಸ್ಟ್ರೈಕ್, ಬೀಸಿ ತಪ್ಪಿದರೂ ಸ್ಟ್ರೈಕ್. ಮೂರು ಸ್ಟ್ರೈಕಿಗೆ ಔಟ್. ಆ ಚೌಕಟ್ಟಿನ ಹೊರಗೆ ನಾಲ್ಕು ಚೆಂಡು ಎಸೆದರೆ ಬ್ಯಾಟರ್ ಪುಕ್ಕಟೆಯಾಗಿ ಮೊದಲ ಬೇಸ್‌ಗೆ ನಡೆಯುತ್ತಾನೆ.

ಹೊಡೆತ ಮುಂದಿನ ಕಾಲು ವೃತ್ತದೊಳಗೇ ಬೀಳಬೇಕು. ನಮ್ಮ ಲೇಟ್ ಕಟ್, ಫೈನ್ ಲೆಗ್ ಇಲ್ಲಿ ಫೌಲ್. ಒಳಗೆ ಬಿದ್ದರೆ ಓಡಲೇಬೇಕು, ಓಡಲ್ಲ ಎನ್ನುವ ಹಾಗಿಲ್ಲ. ನೆಲಕ್ಕೆ ಬೀಳುವ ಮೊದಲು ಹಿಡಿದರೆ ಔಟ್. ಓಟಗಾರ ತಲುಪುವ ಮೊದಲೇ ಚೆಂಡು ಮೊದಲ ಬೇಸ್ ತಲುಪಿದರೂ ಔಟ್, ನಮ್ಮ ರನೌಟ್ ಇದ್ದಂತೆ. ನಾಲ್ಕು ಬೇಸ್ ಸುತ್ತಿ ಮನೆಗೆ ಬಂದರೆ ಒಂದು ರನ್. ಬೇಲಿ ದಾಟಿಸಿದರೆ ಹೋಮ್ ರನ್, ಆಗ ಬೇಸ್‌ಗಳ ಮೇಲೆ ನಿಂತವರೂ ಮನೆಗೆ ಬರುತ್ತಾರೆ. ಒಂದು ಹೊಡೆತಕ್ಕೆ ಹೆಚ್ಚೆಂದರೆ 4 ರನ್.

ಮೂರು ಜನ ಔಟಾದರೆ ಪಾಳಿ ಬದಲು. ಹೀಗೆ 9 ಇನಿಂಗ್ಸ್. ಸಮವಾದರೆ 12ರವರೆಗೆ ಆಡುತ್ತಾರೆ, ಆಗಲೂ ಸಮವಾದರೆ ಲೀಗ್ ಪಂದ್ಯ ಡ್ರಾ. ಸ್ಕೋರ್ 3–2, 4–1 ಹೀಗೆ ಇರುತ್ತದೆ. ಇನ್ನೂರು ರನ್ ನೋಡಿ ಬೆಳೆದ ನಮಗೆ ಮೊದಲ ಅರ್ಧ ಗಂಟೆ ಏನೂ ಆಗುತ್ತಿಲ್ಲ ಅನಿಸುತ್ತದೆ. ಎರಡನೇ, ಮೂರನೇ ಬೇಸ್‌ಗಳಲ್ಲಿ ಓಟಗಾರರು ನಿಂತು, ಇಬ್ಬರು ಔಟಾಗಿ, ಎರಡು ಸ್ಟ್ರೈಕ್ ಆದಾಗ ಸುತ್ತಲಿನವರ ಮುಖ ನೋಡಿ. ಮುಂದಿನ ಚೆಂಡಿಗೆ ನೀವೂ ಉಸಿರು ಬಿಗಿಹಿಡಿಯುತ್ತೀರಿ.

ಕೂಗುವುದಕ್ಕೂ ನಿಯಮ ಇದೆಯಂತೆ, ಹೌದಾ?

ಹೌದು, ಮತ್ತು ಅದು ಬಹಳ ಚೆಂದದ ಪದ್ಧತಿ. ನಿಮ್ಮ ತಂಡ ಬ್ಯಾಟ್ ಮಾಡುವಾಗ ಮಾತ್ರ ನೀವು ಹಾಡುತ್ತೀರಿ. ಪಾಳಿ ಬದಲಾದ ಕೂಡಲೇ ನಿಮ್ಮ ಕಡೆ ಕೂತು ಊಟ ಮಾಡುತ್ತದೆ, ಎದುರಾಳಿಯ ಮೂಲೆ ಹಾಡುತ್ತದೆ. ಒಬ್ಬರ ಹಾಡಿನ ಮೇಲೆ ಇನ್ನೊಬ್ಬರು ಹಾಡುವುದಿಲ್ಲ. ಬಹುತೇಕ ಪ್ರತಿ ಬ್ಯಾಟರ್‌ಗೂ ಅವನದೇ ಹಾಡು ಇರುತ್ತದೆ. ಮುಂದೆ ನಿಂತ ಅಭಿಮಾನಿ ಬಳಗದ ನಾಯಕರು ಕೈ ಬೀಸಿ ನಡೆಸುತ್ತಾರೆ, ಅವರನ್ನು ನೋಡಿ ತಾಳ ಹಿಡಿದರೆ ಸಾಕು.

ಅಭಿಮಾನಿಗಳ ಸೀಟಿನಲ್ಲಿ ಎದುರಾಳಿ ತಂಡದ ಜೆರ್ಸಿ ತೊಡುವ ಹಾಗಿಲ್ಲ. ಕೋಶಿಯೆನ್‌ನಲ್ಲಿ ಇದು ಇನ್ನೂ ಕಟ್ಟುನಿಟ್ಟು, ಹೊರಗಿನವರಿಗೆ ಎಡಗಡೆ ಒಂದು ಸಣ್ಣ ತುಂಡು ಜಾಗ ಅಷ್ಟೇ. ಗ್ಯಾಲರಿಯ ಕಡೆ ಚೆಂಡು ಬಂದರೆ ಸಿಬ್ಬಂದಿ ಸೀಟಿ ಊದುತ್ತಾರೆ. ಸೀಟಿ ಕೇಳಿದರೆ ಫೋನ್ ಬಿಟ್ಟು ತಲೆ ಎತ್ತಿ, ಆ ಚೆಂಡು ಗಟ್ಟಿ.

ಮೈದಾನಕ್ಕೆ ಊಟ ಒಯ್ಯಬಹುದಾ?

ಹೆಚ್ಚಿನ ಕಡೆ ಒಯ್ಯಬಹುದು. ಗಾಜಿನ ಬಾಟಲಿ, ಡಬ್ಬಿ ಪಾನೀಯ ಬೇಡ. ಡಬ್ಬಿ ತಂದರೆ ಬಾಗಿಲಲ್ಲೇ ಕಾಗದದ ಲೋಟಕ್ಕೆ ಸುರಿಸುತ್ತಾರೆ. ಒಳಗೆ ಬೆನ್ನ ಮೇಲೆ ಬಿಯರ್ ಟ್ಯಾಂಕ್ ಹೊತ್ತ ಹುಡುಗಿಯರು ಮೆಟ್ಟಿಲು ಹತ್ತಿ ಇಳಿಯುತ್ತಲೇ ಇರುತ್ತಾರೆ. ತುಂಬಿದ ಟ್ಯಾಂಕ್ ಸುಮಾರು 15 ಕಿಲೋ. ಕೈ ಎತ್ತಿದರೆ ನಿಮ್ಮ ಸಾಲಿಗೇ ಬಂದು ಮಂಡಿಯೂರಿ ಸುರಿದು ಕೊಡುತ್ತಾರೆ. ಕುಡಿಯದವರಿಗೆ ತಂಪು ಪಾನೀಯ ಮಾರುವವರೂ ಬರುತ್ತಾರೆ. ಟೋಕಿಯೋ ಡೋಮ್‌ನಲ್ಲಿ ನೋಟು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಬೇಕು. ಎದ್ದು ಹೊರಡುವಾಗ ನಿಮ್ಮ ಕಸ ನೀವೇ ಎತ್ತಿ ಬುಟ್ಟಿಗೆ ಹಾಕಿ. ಎಲ್ಲರೂ ಹಾಗೇ ಮಾಡುತ್ತಾರೆ.

ಗುಂಪಿನಲ್ಲಿ ಇಬ್ಬರು ಶುದ್ಧ ಸಸ್ಯಾಹಾರಿಗಳು. ಅವರ ಗತಿ?

ಕಷ್ಟ ಇದೆ, ಉಪಾಯವೂ ಇದೆ. ಮೀನು ಕಣ್ಣಿಗೆ ಕಾಣದಿದ್ದರೂ ಸಾರಿನಲ್ಲಿರುತ್ತದೆ. ಒಣಗಿಸಿದ ಬೊನಿಟೊ ಮೀನಿನಿಂದ ತೆಗೆದ ‘ದಾಶಿ’ ಎಂಬ ಕಟ್ಟು ಮಿಸೊ ಸೂಪ್, ನೂಡಲ್ಸ್, ಬೇಯಿಸಿದ ತರಕಾರಿ ಎಲ್ಲದಕ್ಕೂ ಆಧಾರ. ‘ಮಾಂಸ ಇಲ್ಲ’ ಎಂದರೆ ಮೀನು ಹಾಕಿ ತರುತ್ತಾರೆ. ಆದ್ದರಿಂದ ‘ಮಾಂಸ, ಮೀನು, ದಾಶಿ ಮೂರೂ ಬೇಡ’ ಎಂದು ಜಪಾನಿ ಲಿಪಿಯಲ್ಲಿ ಬರೆಸಿದ ಚೀಟಿ ಜೇಬಿನಲ್ಲಿರಲಿ.

ಬೌದ್ಧ ಮಠಗಳ ಶೋಜಿನ್ ರ್‍ಯೋರಿ ಸಂಪೂರ್ಣ ಸಸ್ಯಾಹಾರ. ಕೋಯಾಸಾನ್ ಬೆಟ್ಟದ ಮಠದಲ್ಲಿ ಒಂದು ರಾತ್ರಿ ತಂಗಿದರೆ ಎರಡು ಹೊತ್ತಿನ ಊಟ ನಿಶ್ಚಿಂತೆಯಿಂದ ಆಗುತ್ತದೆ. ಮಾಂಸ ತಿನ್ನುವವರೂ ಅಲ್ಲಿನ ಎಳ್ಳಿನ ತೋಫು ಇಷ್ಟಪಡುತ್ತಾರೆ. ಟೋಕಿಯೋ, ಒಸಾಕಾಗಳಲ್ಲಿ ಭಾರತೀಯ ಹೋಟೆಲುಗಳಿಗೆ ಕೊರತೆಯಿಲ್ಲ. ಟೋಕಿಯೋದ ನಿಶಿ ಕಸಾಯ್ ಭಾಗದಲ್ಲಂತೂ ನಮ್ಮವರು ಬಹಳ ಇದ್ದಾರೆ. ಮೈದಾನದಲ್ಲಿ ಉಪ್ಪು ಹಾಕಿ ಬೇಯಿಸಿದ ಎದಮಾಮೆ (ಎಳೆ ಸೋಯಾ) ಕಾಯಿ ಸಿಗುತ್ತದೆ. ಅವರೆಕಾಯಿ ಸೊಗಡಿಗೆ ಒಗ್ಗಿದ ನಾಲಿಗೆಗೆ ಅದು ಕೂಡಲೇ ಹಿಡಿಸುತ್ತದೆ.

ಚಟ್ನಿಪುಡಿ, ಗೊಜ್ಜವಲಕ್ಕಿ ಪ್ಯಾಕೆಟ್ ಒಯ್ಯಿರಿ. ಹಸಿ ಕರಿಬೇವು, ಹಣ್ಣು, ಯಾವುದೇ ಮಾಂಸದ ಪದಾರ್ಥ ಒಯ್ಯಬೇಡಿ. ಸೂಡೋಎಫೆಡ್ರಿನ್ ಹೆಚ್ಚಿರುವ ಶೀತದ ಮಾತ್ರೆಗಳಿಗೂ ಅಲ್ಲಿ ನಿಷೇಧವಿದೆ, ಔಷಧದ ಪಟ್ಟಿ ನೋಡಿಕೊಳ್ಳಿ.

ವೀಸಾ?

2024ರ ಏಪ್ರಿಲ್‌ನಿಂದ ಭಾರತದಲ್ಲಿರುವವರಿಗೆ ಪ್ರವಾಸದ ಇ-ವೀಸಾ ಬಂದಿದೆ, ಅರ್ಜಿ ವಿಎಫ್‌ಎಸ್ ಕೇಂದ್ರದ ಮೂಲಕ. ಪ್ರತಿಯೊಬ್ಬರೂ ತಮ್ಮ ತಮ್ಮ ಬ್ಯಾಂಕ್ ದಾಖಲೆ, ತೆರಿಗೆ ದಾಖಲೆ ಕೊಡಬೇಕು. ದಿನಚರಿ ಪಟ್ಟಿ ಎಲ್ಲರದ್ದೂ ಒಂದೇ ಇರಲಿ. ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಪ್ರವೇಶಿಸಬೇಕು, ಹಾಗಾಗಿ ತೀರಾ ಮೊದಲೇ ಹಾಕಿ ಪ್ರಯೋಜನವಿಲ್ಲ. ವಿಮಾನ ನಿಲ್ದಾಣದಲ್ಲಿ ಇ-ವೀಸಾವನ್ನು ಇಂಟರ್‌ನೆಟ್ ಇರುವ ಫೋನಿನಲ್ಲೇ ತೆರೆದು ತೋರಿಸಬೇಕು, ಸ್ಕ್ರೀನ್‌ಶಾಟ್ ಒಪ್ಪುವುದಿಲ್ಲ.

ಜೆಆರ್ ಪಾಸ್ ತೆಗೆಯಲೇ?

ದೇಶವೆಲ್ಲ ಜೆಆರ್ ಕಂಪನಿಗಳ ರೈಲಿನಲ್ಲಿ ಓಡಾಡಲು ಪ್ರವಾಸಿಗರಿಗೆ ಕೊಡುವ ಪಾಸ್ ಅದು. ಬಹುತೇಕರಿಗೆ ಬೇಡ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸ್ 29,650 ಯೆನ್‌ನಿಂದ 50,000ಕ್ಕೆ ಏರಿತು. ಟೋಕಿಯೋ–ಕ್ಯೋಟೋ ಶಿಂಕಾನ್‌ಸೆನ್ (ಬುಲೆಟ್ ರೈಲು) ಒಂದು ಕಡೆಗೆ ಸುಮಾರು 14,000. ಹೋಗಿ ಬಂದರೂ ಪಾಸಿನ ಬೆಲೆ ಮುಟ್ಟುವುದಿಲ್ಲ. ಹಿರೋಶಿಮಾದವರೆಗೆ ಹೋಗಿ ವಾರದೊಳಗೆ ಟೋಕಿಯೋಗೆ ಮರಳುವವರು ಮಾತ್ರ ಲೆಕ್ಕ ಹಾಕಿ ನೋಡಿ. ಟೋಕಿಯೋದಿಂದ ಕ್ಯೋಟೋ ಕಡೆ ಹೋಗುವಾಗ ‘ಇ’ ಸೀಟು ಕೇಳಿ, ಮೋಡವಿಲ್ಲದಿದ್ದರೆ ಫ್ಯೂಜಿ ಆ ಕಿಟಕಿಯಲ್ಲೇ. ಮೂರೂ ಅಳತೆ ಕೂಡಿದರೆ 160 ಸೆಂಟಿಮೀಟರ್ ದಾಟುವ ಪೆಟ್ಟಿಗೆಗೆ ಈ ರೈಲಿನಲ್ಲಿ ಮೊದಲೇ ಜಾಗ ಕಾಯ್ದಿರಿಸಬೇಕು. ಅದಕ್ಕಿಂತ ಪೆಟ್ಟಿಗೆಗಳನ್ನು ಹೋಟೆಲಿನಿಂದ ಹೋಟೆಲಿಗೆ ಕೊರಿಯರ್ ಮಾಡುವುದು ಸುಖ, ಸಾಮಾನ್ಯವಾಗಿ ಮರುದಿನ ತಲುಪುತ್ತದೆ.

ದುಡ್ಡು, ಕಾರ್ಡು, ಚಾರ್ಜರ್?

ಸೆವೆನ್ ಇಲೆವೆನ್ ಅಂಗಡಿಯ ಎಟಿಎಂಗಳಲ್ಲಿ ವಿದೇಶಿ ಕಾರ್ಡ್ ನಡೆಯುತ್ತದೆ. ಊರೊಳಗಿನ ರೈಲಿಗೆ ದುಡ್ಡು ತುಂಬಿಸಿ ಬಳಸುವ ಸುಯಿಕಾ ಅಥವಾ ಇಕೋಕಾ ಕಾರ್ಡ್ ತಲೆಗೊಂದು. ಭಾರತದಲ್ಲಿ ಕೊಂಡ ಆಂಡ್ರಾಯ್ಡ್ ಫೋನಿನಲ್ಲಿ ಅದು ಕೆಲಸ ಮಾಡುವುದಿಲ್ಲ, ಪ್ಲಾಸ್ಟಿಕ್ ಕಾರ್ಡೇ ಬೇಕು. ಅಲ್ಲಿನ ಕರೆಂಟು 100 ವೋಲ್ಟ್, ಎರಡು ಚಪ್ಪಟೆ ಪಿನ್. ನಮ್ಮ ದುಂಡು ಪಿನ್‌ಗೆ ಅಡಾಪ್ಟರ್ ಒಯ್ಯಿರಿ. ಟಿಪ್ಸ್ ಯಾರಿಗೂ ಕೊಡಬೇಡಿ.

ಬೇಸ್‌ಬಾಲ್ ಬಿಟ್ಟು ಏನು ನೋಡಬೇಕು? ಎಲ್ಲರೂ ನೋಡುವುದನ್ನೇ ನೋಡುವುದಾ?

ಎಲ್ಲರೂ ನೋಡುವ ಜಾಗಗಳು ಚೆನ್ನಾಗಿರುವುದರಿಂದಲೇ ಎಲ್ಲರೂ ನೋಡುತ್ತಾರೆ. ಹೊತ್ತು ಬದಲಿಸಿ ಅಷ್ಟೇ. ಕ್ಯೋಟೋದ ಫುಶಿಮಿ ಇನಾರಿ ಗುಡಿಗೆ ಬಾಗಿಲಿಲ್ಲ, ಟಿಕೆಟ್ಟಿಲ್ಲ. ಬೆಳಗಿನ ಜಾವ ಆರಕ್ಕೆ ಹೋದರೆ ಕೆಂಪು ತೋರಣಗಳ ಸಾಲು ನಿಮ್ಮದೇ.

ನಮ್ಮ ಕಡೆಯಿಂದ ಹೋದವರು ನೋಡಲೇಬೇಕಾದ ಇನ್ನೊಂದು ಜಪಾನ್ ಇದೆ. ಬೌದ್ಧ ಧರ್ಮದ ಜೊತೆ ನಮ್ಮ ದೇವರುಗಳೂ ಚೀನಾ ಮಾರ್ಗವಾಗಿ ಅಲ್ಲಿಗೆ ಹೋಗಿ ನೆಲೆಸಿದ್ದಾರೆ. ಉಯೆನೊದ ತಾವರೆ ಕೊಳದ ನಡುವಿನ ಗುಡಿಯಲ್ಲಿರುವ ಬೆಂಜೈತೆನ್ ನಮ್ಮ ಸರಸ್ವತಿ. ಟೋಕಿಯೋದ ಅಸಾಕುಸಾದಲ್ಲಿ ಸೆನ್ಸೋಜಿ ದೇವಸ್ಥಾನ ನೋಡಿದ ಮೇಲೆ ಸುಮಿದಾ ನದಿಯ ಪಕ್ಕ ಸ್ವಲ್ಪ ನಡೆದರೆ ಮಾತ್ಸುಚಿಯಾಮ ಶೋದೆನ್ ಎಂಬ ಗುಡಿ ಸಿಗುತ್ತದೆ. ಒಳಗೆ ಪೂಜೆಗೊಳ್ಳುವ ಕಾಂಗಿತೆನ್ ಗಣಪತಿಯ ರೂಪ. ಮೂರ್ತಿಯನ್ನು ಯಾರಿಗೂ ತೋರಿಸುವುದಿಲ್ಲ, ಭಕ್ತರು ಉದ್ದನೆಯ ಬಿಳಿ ಮೂಲಂಗಿ ಅರ್ಪಿಸುತ್ತಾರೆ. ಗರಿಕೆ, ಮೋದಕದ ಗಣಪನನ್ನು ಬಲ್ಲ ನಮಗೆ ಮೂಲಂಗಿ ಪ್ರಿಯ ಗಣಪನನ್ನು ಕಂಡು ಬರುವ ಸಂತೋಷ ದೊಡ್ಡದು, ಅಲ್ಲಿ ಜನಜಂಗುಳಿಯೂ ಕಡಿಮೆ.

ಕ್ಯೋಟೋ ನಿಲ್ದಾಣದಿಂದ ನಡೆದು ಹೋಗಬಹುದಾದ ತೋಜಿ ದೇವಸ್ಥಾನದಲ್ಲಿ ಆನೆಯ ಮೇಲೆ ಕೂತ ಇಂದ್ರ, ಹಂಸಗಳ ಮೇಲೆ ಕೂತ ಬ್ರಹ್ಮ ಇದ್ದಾರೆ. ಸಾಂಜೂಸಾಂಗೆನ್‌ದೋ ಮಂದಿರದ ನೂರಿಪ್ಪತ್ತು ಮೀಟರ್ ಉದ್ದದ ಹಜಾರದಲ್ಲಿ 1001 ಅವಲೋಕಿತೇಶ್ವರ ಮೂರ್ತಿಗಳು, ಅವುಗಳ ಮುಂದೆ ಕಾವಲಿಗೆ 28 ದೇವತೆಗಳು. ಕೊಳಲೂದುವ ಗರುಡ ಆ ಸಾಲಿನಲ್ಲಿದ್ದಾನೆ, ಹುಡುಕಿ. ಫೋಟೋ ತೆಗೆಯುವಂತಿಲ್ಲ.

ನಾರಾದ ತೋದಾಯ್‌ಜಿಗೆ ಒಂದು ಪೂರ್ತಿ ದಿನ ಕೊಡಿ. ಸುಮಾರು 15 ಮೀಟರ್ ಎತ್ತರದ ಅಲ್ಲಿನ ಕಂಚಿನ ಬುದ್ಧನಿಗೆ 752ರಲ್ಲಿ ಕಣ್ಣು ಬರೆದು ಪ್ರಾಣಪ್ರತಿಷ್ಠೆ ಮಾಡಿದವರು ಭಾರತದಿಂದ ಹೋದ ಬೋಧಿಸೇನ ಎಂಬ ಭಿಕ್ಷು. ಜಪಾನಿಗೆ ಅವರು ಬಂದು ಮುಟ್ಟಿದ್ದು 736ರಲ್ಲಿ. ಎಂಥ ಹಡಗಿನಲ್ಲಿ, ಎಷ್ಟು ಕಾಲ ಹಿಡಿದು ಹೋಗಿರಬೇಕು ಎಂದು ಆ ಬುದ್ಧನ ಮುಂದೆ ನಿಂತು ಯೋಚಿಸಿದರೆ ಮೈ ಜುಮ್ ಎನ್ನುತ್ತದೆ.

ಕೆಲವರಿಗೆ ದೇವಸ್ಥಾನ ಬೇಡ, ಕೆಲವರಿಗೆ ಶಾಪಿಂಗ್ ಬೇಡ. ಜಗಳವಾಗದ ಹಾಗೆ ಹೇಗೆ?

ಹಗಲು ಬೇರೆ ಬೇರೆ, ರಾತ್ರಿ ಊಟ ಒಟ್ಟಿಗೆ. ಅಲ್ಲಿ ಒಬ್ಬೊಬ್ಬರೇ ತಿರುಗುವುದು ಸುಲಭ, ದಾರಿ ತಪ್ಪಿದರೂ ಅಪಾಯವಿಲ್ಲ. ಆರೇಳು ಜನ ಒಟ್ಟಿಗೆ ನುಗ್ಗಿದರೆ ಎಂಟೇ ಸೀಟಿನ ರಾಮೆನ್ ಅಂಗಡಿಯಲ್ಲಿ ಜಾಗವೂ ಸಿಗುವುದಿಲ್ಲ. ಪಂದ್ಯದ ಸಂಜೆಯನ್ನು ಮಾತ್ರ ಎಲ್ಲರದ್ದು ಎಂದು ಮೊದಲೇ ಗಟ್ಟಿ ಮಾಡಿಕೊಳ್ಳಿ.

ಆಗಸ್ಟ್‌ನಲ್ಲೇ ರಜೆ ಸಿಗುವುದು. ಕೋಶಿಯೆನ್‌ಗೆ ಹೋಗಬಹುದಾ?

ಹೋಗಬಹುದು, ಆದರೆ ಆ ತಿಂಗಳ ಬಹುಪಾಲು ಅಲ್ಲಿ ಟೈಗರ್ಸ್ ಇರುವುದಿಲ್ಲ. ಹೈಸ್ಕೂಲ್ ಹುಡುಗರ ರಾಷ್ಟ್ರೀಯ ಟೂರ್ನಿಗೆ ಮೈದಾನ ಬಿಟ್ಟುಕೊಟ್ಟು ವೃತ್ತಿಪರ ತಂಡವೇ ಊರೂರು ತಿರುಗುತ್ತದೆ. 1915ರಲ್ಲಿ ಶುರುವಾದ ಟೂರ್ನಿ ಇದು. ಪ್ರತಿ ಪ್ರಾಂತದಿಂದ ಒಂದು ಶಾಲೆ, ಟೋಕಿಯೋ ಮತ್ತು ಹೊಕ್ಕೈದೋಗಳಿಂದ ಎರಡೆರಡು, ಒಟ್ಟು 49. ಒಮ್ಮೆ ಸೋತರೆ ಮನೆಗೆ. ಸೋತ ಹುಡುಗರು ಅಳುತ್ತಾ ಬಗ್ಗಿ ಆ ಕಪ್ಪು ಮಣ್ಣನ್ನು ಚೀಲಕ್ಕೆ ತುಂಬಿಕೊಳ್ಳುತ್ತಾರೆ. ಕೊನೆಯ ವರ್ಷದವರಿಗೆ ಮತ್ತೆ ಅವಕಾಶವಿಲ್ಲ. ಆಗಸ್ಟ್ 15ರ ಮಧ್ಯಾಹ್ನ ಹನ್ನೆರಡಕ್ಕೆ ಆಟ ನಿಲ್ಲಿಸಿ, ಸೈರನ್ ಮೊಳಗಿಸಿ, ಯುದ್ಧದಲ್ಲಿ ಸತ್ತವರಿಗಾಗಿ ಎಲ್ಲರೂ ಎದ್ದು ಮೌನವಾಗಿ ನಿಲ್ಲುತ್ತಾರೆ. ಬಿಸಿಲು ತಡೆಯುವವರಿಗೆ ವೃತ್ತಿಪರ ಪಂದ್ಯಕ್ಕಿಂತ ಇದನ್ನೇ ನಾನು ಮೇಲೆ ಇಡುತ್ತೇನೆ. ಟೋಪಿ, ನೀರು, ಉಪ್ಪಿನ ಮಿಠಾಯಿ ಇಟ್ಟುಕೊಳ್ಳಿ.

ಮಳೆ ಬಂದರೆ?

ಸಣ್ಣ ಮಳೆಗೆ ಆಟ ನಿಲ್ಲುವುದಿಲ್ಲ. ಹಿಂದಿನವರಿಗೆ ಅಡ್ಡವಾಗುವುದರಿಂದ ಸೀಟಿನಲ್ಲಿ ಮಳೆಯ ಕೊಡೆ ಬಿಚ್ಚಬಾರದು, ಪಕ್ಕದ ಅಂಗಡಿಯಲ್ಲಿ ರೇನ್‌ಕೋಟ್ ಕೊಳ್ಳಿ. ಪಂದ್ಯ ರದ್ದಾದರೆ ಟಿಕೆಟ್ ಹಣ ವಾಪಸ್ ಬರುತ್ತದೆ, ಕೊಂಡ ಕಡೆಯೇ ವಿಚಾರಿಸಬೇಕು. ಟೋಕಿಯೋದಲ್ಲಿ ಎರಡು ಸಂಜೆ ಖಾಲಿ ಇಟ್ಟುಕೊಂಡರೆ ಮರುದಿನ ಪ್ರಯತ್ನಿಸಬಹುದು.

ಪಂದ್ಯ ಮುಗಿದ ಮೇಲೆ ವಾಪಸ್ ಹೇಗೆ?

ಸಾಮಾನ್ಯವಾಗಿ ರಾತ್ರಿ ಒಂಬತ್ತು, ಒಂಬತ್ತೂವರೆಗೆ ಮುಗಿಯುತ್ತದೆ. ಮನೆ ತಂಡ ಗೆದ್ದರೆ ಆಟಗಾರರ ಜೊತೆ ಮೈದಾನದಲ್ಲೇ ಮಾತುಕತೆ, ಮತ್ತೆ ಹಾಡು. ಅದಕ್ಕೂ ಉಳಿಯಿರಿ, ಗುಂಪು ಕರಗಲು ಸಮಯವೂ ಸಿಗುತ್ತದೆ. ರೈಲುಗಳು ಮಧ್ಯರಾತ್ರಿ ಹೊತ್ತಿಗೆ ನಿಲ್ಲುತ್ತವೆ, ಆಮೇಲೆ ಟ್ಯಾಕ್ಸಿ ಬಹಳ ದುಬಾರಿ. ರೈಲಿನ ಕಾರ್ಡಿಗೆ ವಾಪಸ್ ಬರುವ ದುಡ್ಡನ್ನು ಹೋಗುವಾಗಲೇ ತುಂಬಿಸಿಡಿ, ಪಂದ್ಯ ಬಿಟ್ಟಾಗ ಯಂತ್ರಗಳ ಮುಂದೆ ಉದ್ದದ ಸಾಲು ಇರುತ್ತದೆ. ಕೋಶಿಯೆನ್ ನೋಡಿ ಕ್ಯೋಟೋಗೆ ಮರಳುವವರು ಉಮೆದಾದಲ್ಲಿ ಇಳಿದು ಒಸಾಕಾ ನಿಲ್ದಾಣಕ್ಕೆ ನಡೆದು ಜೆಆರ್ ರೈಲು ಹಿಡಿಯಬೇಕು. ಅಲ್ಲಿಂದ ಅರ್ಧ ಗಂಟೆ. ಕೊನೆಯ ರೈಲು ಎಷ್ಟಕ್ಕೆ ಎಂದು ಹೊರಡುವ ಮೊದಲೇ ನೋಡಿಟ್ಟುಕೊಳ್ಳಿ.